ಜಿಗಿತ ಹೆಚ್ಚಿಸಲು ಬರೀ ಕಸರತ್ತು ಸಾಕಾ, ಇಎಂಎಸ್ ಕೂಡ ಬೇಕಾ?

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬರುವ ವಾಲಿಬಾಲ್, ಲಾಂಗ್ ಜಂಪ್ ಹುಡುಗರು ಈಚೆಗೆ ಕೇಳುವುದು ಒಂದೇ: "ಅಣ್ಣಾ, ಇಎಂಎಸ್ ಮೆಷಿನ್ ತಗೊಳ್ಳೋದಾ?" ಇಎಂಎಸ್ ಅಂದರೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ತಾನಾಗೇ ಬಿಗಿಯುವಂತೆ ಮಾಡುವುದು.

ಸ್ಕ್ವಾಟ್ (ಮಂಡಿ ಬಗ್ಗಿಸಿ ಕೂತು ಏಳುವುದು), ಬಾಕ್ಸ್ ಜಂಪ್ (ಪೆಟ್ಟಿಗೆ ಮೇಲೆ ಜಿಗಿಯುವುದು) ಥರದ ಕಸರತ್ತಿನಲ್ಲಿ ಸ್ನಾಯುವಿಗೆ ಬಿಗಿಯಲು ಹೇಳುವುದು ಮಿದುಳು. ಮಂಡಿ ಎಷ್ಟು ಬಗ್ಗಬೇಕು, ಕೈ ಯಾವಾಗ ಬೀಸಬೇಕು ಅನ್ನುವುದೂ ಜೊತೆಗೇ ಪಳಗುತ್ತದೆ. ಖರ್ಚೂ ಕಡಿಮೆ. ಆದರೆ ನೆಲಕ್ಕಿಳಿಯುವಾಗ ಮಂಡಿಗೆ ಹೊಡೆತ ಜಾಸ್ತಿ, ದಿನಾ ಮಾಡುವಂತಿಲ್ಲ.

ಇಎಂಎಸ್‌ನಲ್ಲಿ ತೊಡೆಗೆ ಅಂಟಿಸಿದ ಪ್ಯಾಡ್‌ನಿಂದ ಕರೆಂಟ್ ನರಕ್ಕೆ ತಾಗುತ್ತದೆ. ಮೊದಲು ಇರುವೆ ಹರಿದಂತೆ ಜುಮುಜುಮು. ಏರಿಸುತ್ತಾ ಹೋದರೆ ತೊಡೆ ಕಲ್ಲಿನಂತೆ ಬಿಗಿಯುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಮಂಡಿಗೆ ಹೊಡೆತವಿಲ್ಲ, ಬಲ ನಿಜಕ್ಕೂ ಹೆಚ್ಚುತ್ತದೆ. ಆದರೆ ಪ್ಯಾಡ್‌ಗೆ ಹತ್ತಿರದ ಅವೇ ಸ್ನಾಯುವಿನ ಎಳೆಗಳು ಮತ್ತೆ ಮತ್ತೆ ದುಡಿದು ಬೇಗ ಸೋಲುತ್ತವೆ. ಜಿಗಿಯುವ ಲಯವನ್ನು ಮೆಷಿನ್ ಕಲಿಸಲ್ಲ, ಅಲ್ವಾ? ಹಾಗಾಗಿ ಸುಮ್ನೆ ಪ್ಯಾಡ್ ಹಾಕಿಕೊಂಡು ಕೂತರೆ ಸಾಲದು. ವಾಲಿಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ 4 ವಾರ ಇಎಂಎಸ್ ಜೊತೆ ಜಿಗಿತದ ಕಸರತ್ತನ್ನೂ ಮಾಡಿದವರ ಜಿಗಿತದ ಎತ್ತರ ಏರಿತ್ತು.

ಕಸರತ್ತು ಶುರು ಮಾಡಿ ಒಂದು ವರ್ಷವೂ ಆಗಿಲ್ಲವೇ? ಮೆಷಿನ್ ಬೇಡ, ಆ ದುಡ್ಡನ್ನು ಒಳ್ಳೆ ಶೂಗೆ, ಮೊಟ್ಟೆ-ಕಾಳಿಗೆ ಹಾಕಿ. ವರ್ಷಗಟ್ಟಲೆ ಭಾರ ಎತ್ತಿಯೂ ಜಿಗಿತ ಅಲ್ಲೇ ನಿಂತಿದ್ದರೆ ಎರಡನ್ನೂ ಸೇರಿಸಿ. ವಾರಕ್ಕೆ 2-3 ಸಲ, 10-15 ನಿಮಿಷ, ಫಿಸಿಯೋ ಎದುರಿಗೇ ಶುರುವಾಗಲಿ. ಕೊಳ್ಳುವಾಗ ನೋಡಿ, ಇದೇ ಥರ ಪ್ಯಾಡ್ ಇರುವ ಟೆನ್ಸ್ ಮೆಷಿನ್ ನೋವು ಕಡಿಮೆ ಮಾಡಲು, ಇದಕ್ಕಲ್ಲ. ಪೇಸ್‌ಮೇಕರ್ ಇದ್ದವರು ಮುಟ್ಟಲೇಬೇಡಿ. ಅತಿಯಾಗಿ ಮಾಡಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.