ಪರದೆ, ಹೊಗೆ, ಗಪ್ಪಿ, ಬ್ಯಾಟು: ಒಂದು ಮಳೆಗಾಲದ ಲೆಕ್ಕ

ಮನೆ ಹಿಂದೆ ನಾಲ್ಕು ಜೇನುಪೆಟ್ಟಿಗೆ, ಮನೆಯೊಳಗೆ ಉಬ್ಬಸದ ಅಮ್ಮ. ಹಾಗಾಗಿ ನಮ್ಮಲ್ಲಿ ಸೊಳ್ಳೆಗೆ ಸ್ಪ್ರೇ ಹೊಡೆಯುವಂತಿಲ್ಲ, ಕಾಯಿಲ್ ಹಚ್ಚುವಂತಿಲ್ಲ. ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದ ನಡುವೆ ಮನೆ ಅಂದರೆ ಗೊತ್ತಲ್ಲ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎರಡು ವಾರ ಆಗುವುದರೊಳಗೆ ಅವುಗಳ ಹಾಜರಿ ಶುರು. ಹೋದ ವರ್ಷ ಹೂಮಳೆಯಿಂದ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದವರೆಗೆ, ಯಾರು ಏನು ಹೇಳಿದರೂ ಮಾಡಿ ನೋಡಿದೆ.

ನಮ್ಮ ಸೊಳ್ಳೆಗಳದ್ದು ಎರಡು ಪಾಳಿ. ಹಗಲು ಪಾಳಿಯದು ಕಾಲಿಗೆ ಬಿಳಿ ಪಟ್ಟೆಯ ಈಡಿಸ್. ಕಾಫಿ ಗಿಡದಡಿ ಬಗ್ಗಿ ಚಿಗುರು ತೆಗೆಯುವಾಗ ಸದ್ದಿಲ್ಲದೆ ಮೊಣಕಾಲ ಹಿಂದೆ ಕಚ್ಚಿ ಹೋಗುತ್ತದೆ. ಡೆಂಗಿ, ಚಿಕೂನ್‌ಗುನ್ಯಾ ತರುವುದು ಇದೇ. ರಾತ್ರಿ ಕಿವಿಯ ಹತ್ತಿರ ಗುಂಯ್ ಎನ್ನುವುದು ಹೆಚ್ಚಾಗಿ ಬಚ್ಚಲ ನೀರಿನ ಕ್ಯೂಲೆಕ್ಸ್. ಅಂಗಡಿಯವರು ಇದನ್ನು ಹೇಳುವುದಿಲ್ಲ. ಒಂದಕ್ಕೆ ತಾಗಿದ ಮದ್ದು ಇನ್ನೊಂದಕ್ಕೆ ತಾಗದಿರುವುದು ಇದರಿಂದಲೇ.

ಮೊದಲು ತಂದದ್ದು ನೀಲಿ ಬೆಳಕಿನ ಯಂತ್ರ. ರಾತ್ರಿಯಿಡೀ ಚಟಪಟ ಸದ್ದು ಕೇಳಿ ಖುಷಿಯಾಗಿತ್ತು. ಬೆಳಿಗ್ಗೆ ತಟ್ಟೆ ತೆಗೆದು ನೋಡಿದರೆ ಪತಂಗ, ದೀಪದ ಹುಳ, ಎರಡು ಜೀರುಂಡೆ; ಸೊಳ್ಳೆ ಅಂತ ಹುಡುಕಿದರೆ ಮೂರೋ ನಾಲ್ಕೋ. ಸೊಳ್ಳೆ ಬರುವುದು ನಮ್ಮ ಉಸಿರು ಮತ್ತು ಬೆವರಿನ ವಾಸನೆ ಹಿಡಿದು, ದೀಪ ನೋಡಿ ಅಲ್ಲ. ಬ್ಯಾಟು ಇದಕ್ಕಿಂತ ವಾಸಿ, ಮಗನಿಗಂತೂ ಕ್ರಿಕೆಟ್ ಅಭ್ಯಾಸವಾಯಿತು. ಆದರೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮರ ಬಿದ್ದು ಐದು ದಿನ ಕರೆಂಟಿಲ್ಲ, ಮೂರನೇ ದಿನಕ್ಕೆ ಬ್ಯಾಟೂ ಮಲಗಿತು. ಫ್ಯಾನಿನ ಗಾಳಿಗೆ ಸೊಳ್ಳೆ ನಿಲ್ಲುವುದಿಲ್ಲ ಅನ್ನುವುದು ನಿಜ. ಆ ಚಳಿಯಲ್ಲಿ ಫ್ಯಾನ್ ಹಾಕುವವರು ಯಾರು?

ಹೊಗೆಯದ್ದು ಅಮ್ಮನ ಸಲಹೆ. ಲಕ್ಕಿ ಸೊಪ್ಪು, ತೆಂಗಿನ ನಾರು, ಒಂದು ಚಿಟಿಕೆ ಸಾಂಬ್ರಾಣಿ. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ಇಲ್ಲ, ಹೊಗೆ ಇಳಿದ ಅರ್ಧ ಗಂಟೆಗೆ ವಾಪಸ್. ಅಮ್ಮನಿಗೇ ಕೆಮ್ಮು ಬಂದು, "ಇದನ್ನು ಹಸುಗಳಿಗೆ ಹಾಕು ಮಗಾ" ಅಂದರು. ಈಗ ಕೊಟ್ಟಿಗೆಗೆ ಮಾತ್ರ. ಅಂಗಳದಲ್ಲಿ ಸಾಲಾಗಿ ಇಟ್ಟ ಮಜ್ಜಿಗೆ ಹುಲ್ಲಿನ ಕುಂಡಗಳ ಬಗ್ಗೆ ಹೇಳುವುದೇನೂ ಇಲ್ಲ. ಅದರ ಎಲೆಯ ಮೇಲೇ ಒಂದು ಸೊಳ್ಳೆ ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಚಹಾಕ್ಕೆ ಆಗುತ್ತದೆ.

ರಾತ್ರಿ ಪಾಳಿಗೆ ಸಾಟಿಯಿಲ್ಲದ್ದು ಪರದೆ. ಮಂಚಕ್ಕೆ ಒಂದು ಪರದೆಗೆ ಆರುನೂರೈವತ್ತು ಕೊಟ್ಟೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಮುಗಿಯಿತು. ಕಿಟಕಿಗೆ ಜಾಲರಿಯೂ ಹಾಕಿಸಿದೆ. ನೈಲಾನಿನದು ಅಗ್ಗ, ಆದರೆ ನಮ್ಮ ಮಳೆಗೆ ಅಂಟುಪಟ್ಟಿ ಒಂದೇ ತಿಂಗಳಲ್ಲಿ ಬಿಟ್ಟುಕೊಂಡು ಬಂತು. ಬೆಕ್ಕು ಉಳಿದ ಕೆಲಸ ಮುಗಿಸಿತು. ಸ್ಟೀಲ್ ಜಾಲರಿಗೆ ಮರದ ಚೌಕಟ್ಟು ಮಾಡಿಸಲು ದುಡ್ಡು ನಾಲ್ಕು ಪಟ್ಟು ಹೋಯಿತು, ಅಲ್ಲಾಡಿಲ್ಲ. ಒಂದೇ ಆಯ್ಕೆ ಅಂದರೆ ನಾನು ಪರದೆಯನ್ನೇ ಹೇಳುವುದು. ಹಳೇ ಮನೆಗಳಲ್ಲಿ ಹೆಂಚಿನ ಸಂದಿಗೆಲ್ಲ ಜಾಲರಿ ಹೊಡೆಯಲು ಯಾರಿಂದಾದೀತು?

ಆದರೆ ಹಗಲು ಪಾಳಿಗೆ ಪರದೆ ಏನು ಮಾಡೀತು? ಅದು ಹುಟ್ಟುವ ಜಾಗವನ್ನೇ ಹುಡುಕಬೇಕಾಯಿತು.

ತೊಟ್ಟಿ, ಡ್ರಮ್ಮು ಎಲ್ಲಾ ಮುಚ್ಚಿಯೇ ಇದ್ದವು. ಜೂನ್‌ನಲ್ಲಿ ಒಂದು ದಿನ ಅಡಿಕೆ ಮರದಡಿ ಬಿದ್ದ ಹಾಳೆ ಎತ್ತಲು ಬಗ್ಗಿದೆ. ದೋಣಿಯಂತೆ ಬಾಗಿದ ಹಾಳೆಯಲ್ಲಿ ಒಂದು ಬೊಗಸೆ ಕಂದು ನೀರು. ನನ್ನ ನೆರಳು ಬಿದ್ದದ್ದೇ ತಡ, ಮೇಲ್ಗಡೆ ತಲೆಕೆಳಗಾಗಿ ತೂಗುತ್ತಿದ್ದ ಹತ್ತಿಪ್ಪತ್ತು ಮರಿಹುಳು ಸರಕ್ಕನೆ ಸೊಂಟ ಕುಣಿಸುತ್ತಾ ತಳಕ್ಕೆ ಇಳಿದವು. ಅಲ್ಲಾಡದೆ ನಿಂತೆ, ಒಂದೊಂದಾಗಿ ಉಸಿರಾಡಲು ಮತ್ತೆ ಮೇಲೆ ಬಂದವು. ಅಂಥ ಹಾಳೆ ನಮ್ಮ ಎರಡೆಕರೆಯಲ್ಲಿ ಎಷ್ಟಿರಬೇಡ! ಸೌದೆಗೆ ಹೊದಿಸಿದ ಟಾರ್ಪಾಲಿನ ಗುಳಿ, ಕಡಿದ ಬಿದಿರಿನ ಮೋಟು, ಮರದ ಪೊಟರೆ, ತೆಂಗಿನ ಚಿಪ್ಪು, ಎಲ್ಲದರಲ್ಲೂ ಇದೇ ಕುಣಿತ.

ಮೊಟ್ಟೆಯೊಡೆದು ರೆಕ್ಕೆ ಬಲಿತು ಹಾರಲು ಒಂದು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ ಒಂದು ಸುತ್ತು ಅಂತ ಗೊತ್ತುಮಾಡಿಕೊಂಡೆ. ಹಾಳೆ, ಚಿಪ್ಪು ಬೋರಲು ಹಾಕುವುದು, ಟಾರ್ಪಾಲು ಕೊಡವುವುದು, ಪೊಟರೆಗೆ ಮಣ್ಣು ತುಂಬುವುದು. ಬಿದಿರನ್ನು ಗಂಟಿನ ಮೇಲಕ್ಕೇ ಸರಿಯಾಗಿ ಕಡಿದರೆ ಬಟ್ಟಲಾಗುವುದಿಲ್ಲ ಅನ್ನುವುದನ್ನೂ ಆಗಲೇ ಕಲಿತೆ. ನೀರು ಚೆಲ್ಲಿದರೂ ಈಡಿಸ್ ಮೊಟ್ಟೆ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಇರಬಲ್ಲದು, ಆದ್ದರಿಂದ ಡ್ರಮ್ಮಿನ ಒಳಮೈ ಉಜ್ಜಲೇಬೇಕು. ನಾಲ್ಕನೇ ಭಾನುವಾರದ ಹೊತ್ತಿಗೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಂತಾಯಿತು.

ಚೆಲ್ಲಲಾಗದ ನೀರಿಗೆ ಎರಡು ಪ್ರಯೋಗ. ಕೊಟ್ಟಿಗೆ ತೊಟ್ಟಿಗೆ ಬಿಟ್ಟ ಹದಿನೈದು ಗಪ್ಪಿ ಮೀನು ವಾರದಲ್ಲೇ ಹುಳುಗಳನ್ನು ಖಾಲಿ ಮಾಡಿದವು. ಆಟಿ ಮಳೆಗೆ ತೊಟ್ಟಿ ಉಕ್ಕಿದಾಗ ಅರ್ಧ ಮೀನು ಚರಂಡಿ ಪಾಲು. ಇದೇ ಕೆಲಸಕ್ಕೆ ಕೊಡುವ ಗಾಂಬೂಸಿಯಾವನ್ನು ಮಾತ್ರ ಕೆರೆಗೆ, ಗದ್ದೆಗೆ ಬಿಡಬೇಡಿ. ಅಮೆರಿಕ ಮೂಲದ ಆ ಮೀನು ಕಪ್ಪೆ ಮರಿ, ನಮ್ಮ ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ಇನ್ನೊಂದು ಬಿಟಿಐ ಪುಡಿ. 1976ರಲ್ಲಿ ಇಸ್ರೇಲಿನ ಮರುಭೂಮಿಯ ಕೊಳವೊಂದರಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅದು. ಹುಳು ಅದನ್ನು ತಿಂದು ಕರುಳು ಕೆಟ್ಟು ಸಾಯುತ್ತದೆ, ಜೇನಿಗೆ ತೊಂದರೆಯಿಲ್ಲ. ತೊಟ್ಟಿ ಉಕ್ಕಿದರೆ ಪುಡಿಯೂ ಕೊಚ್ಚಿಹೋಗುತ್ತದೆ, ಎರಡು ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಖರ್ಚಿನಲ್ಲಿ ಮೀನೇ ಗೆದ್ದಿತು, ಮಳೆ ನಿಂತ ಮೇಲೆ.

ಉಳಿದದ್ದು ಬೇಲಿ. ಈಡಿಸ್ ಹೆಚ್ಚು ದೂರ ಹಾರುವುದಿಲ್ಲ, ಒಂದೆರಡು ನೂರು ಮೀಟರ್. ಅಂದರೆ ಪಕ್ಕದ ತೋಟ ಆ ಲೆಕ್ಕದೊಳಗೇ ಬರುತ್ತದೆ. ಅಲ್ಲಿಯ ಹಳೇ ಟಯರ್ ರಾಶಿಯ ಬಗ್ಗೆ ಹೇಳಲು ಸಂಕೋಚಪಟ್ಟುಕೊಂಡೇ ಹೋದೆ. "ಅಣ್ಣಾ, ಆ ಟಯರು..." ಅನ್ನುವಷ್ಟರಲ್ಲಿ ಅವರೇ, "ನಿಮ್ಮ ಕಡೆಯಿಂದ ಬರ್ತಿದೆ ಅಂದುಕೊಂಡಿದ್ದೆವಲ್ಲ!" ಅಂದರು. ಟಯರುಗಳಿಗೆ ತೂತು ಹೊಡೆದು ಮೆಣಸು ಬಳ್ಳಿಯ ಸಸಿ ಇಡೋಣ ಅಂತ ಮಾತಾಗಿದೆ. ತೂತು ಇನ್ನೂ ಬಿದ್ದಿಲ್ಲ.