ಡೇನಾ 60 ಮತ್ತು ಜಿಎಂ 14 ಬೋಲ್ಟ್: ಭಾರದ ಕೆಲಸಕ್ಕೆ ಹಿಂದಿನ ಆಕ್ಸಲ್ ಯಾವುದು ಒಳ್ಳೆಯದು?

ಆಕ್ಸಲ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಕ್ರೌನ್ ವೀಲ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ) ಎಷ್ಟು ಇಂಚು ಅಂತ. ದೊಡ್ಡದಿದ್ದರೆ ಗಟ್ಟಿ, ಮುಗೀತು. ನಾನು ಮೊದಲು ಡೇನಾ ಕಂಪನಿಯ ಡೇನಾ 60 ಆಕ್ಸಲ್ ಇದ್ದ ಟ್ರಕ್ಕಿನಲ್ಲಿ ಹಲವು ವರ್ಷ ಜಲ್ಲಿ, ಮರಳು, ಕಬ್ಬಿಣ ಹೊತ್ತಿದ್ದೇನೆ. ಆಮೇಲೆ ಅದಕ್ಕಿಂತ ಜಾಸ್ತಿ ಕಾಲ ಜಿಎಂನ (ಜನರಲ್ ಮೋಟರ್ಸ್) 10.5 ಇಂಚು ಕ್ರೌನ್ ವೀಲಿನ 14 ಬೋಲ್ಟ್ ಆಕ್ಸಲ್ ಮೇಲೆ ಅದೇ ಕೆಲಸ ಮಾಡಿದ್ದೇನೆ. ಭಾರ ಹೊರುವ ಟ್ರಕ್ಕಿಗೆ ಕ್ರೌನ್ ವೀಲ್ ಅಳತೆ ಮೂರನೇ ಪ್ರಶ್ನೆ ಅನ್ನುವುದು ನನ್ನ ಲೆಕ್ಕ. ಮೊದಲು ನೋಡಬೇಕಾದ್ದು ಭಾರ ಯಾವುದರ ಮೇಲೆ ಕೂತಿದೆ ಅಂತ. ಆಮೇಲೆ ಪಿನಿಯನ್ (ಕ್ರೌನ್ ವೀಲನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಎಷ್ಟು ಭದ್ರವಾಗಿ ಕೂತಿದೆ ಅಂತ.

ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಚಕ್ರ ನೇರವಾಗಿ ಆಕ್ಸಲ್ ಶಾಫ್ಟಿನ ತುದಿಗೆ ಕೂರುತ್ತದೆ. ಚಕ್ರ ತಿರುಗಿಸುವುದೂ ಅದೇ ಶಾಫ್ಟ್, ಲೋಡ್ ಹೊರುವುದೂ ಅದೇ. ಹಲವು ಮಾದರಿಗಳಲ್ಲಿ ಆ ಶಾಫ್ಟನ್ನು ಒಳಗೆ ಹಿಡಿದಿರುವುದು ಒಂದು ಸಣ್ಣ ಸಿ ಕ್ಲಿಪ್. ಶಾಫ್ಟ್ ತುಂಡಾದರೆ ಚಕ್ರವೇ ಹೊರಗೆ ಬರಬಹುದು. ಫುಲ್ ಫ್ಲೋಟಿಂಗ್‌ನಲ್ಲಿ ಹೀಗಿಲ್ಲ. ಹಬ್ ಎರಡು ಟೇಪರ್ ಬೇರಿಂಗ್ ಮೇಲೆ ಕೂತಿರುತ್ತದೆ. ಆ ಬೇರಿಂಗ್‌ಗಳು ಹೌಸಿಂಗ್ (ಆಕ್ಸಲ್ಲಿನ ಹೊರಕವಚ) ತುದಿಯ ಸ್ಪಿಂಡಲ್ ಮೇಲಿರುತ್ತವೆ. ಭಾರವೆಲ್ಲ ಹೌಸಿಂಗಿಗೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಜ್ಯಾಕ್ ಹಾಕದೆ, ಚಕ್ರ ನೆಲದ ಮೇಲಿರುವಾಗಲೇ ಫ್ಲ್ಯಾಂಜ್ ಬೋಲ್ಟ್ ಬಿಚ್ಚಿ ಶಾಫ್ಟನ್ನು ಎಳೆದು ಹೊರಗೆ ತೆಗೆಯಬಹುದು.

ಹಳೇ ಟ್ರಕ್ ಕೊಳ್ಳುವವರು ಇಲ್ಲೇ ಮೋಸ ಹೋಗುವುದು. ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಕವರಿನ ಬೋಲ್ಟ್ ಎಣಿಸಿ, 14 ಇದೆ, ಗಟ್ಟಿ ಆಕ್ಸಲ್ ಅಂದುಕೊಳ್ಳುತ್ತಾರೆ. ಜಿಎಂನದೇ 9.5 ಇಂಚಿನ ಸೆಮಿ ಫ್ಲೋಟಿಂಗ್ ಆಕ್ಸಲ್ಲಿಗೂ ಕವರ್ ಬೋಲ್ಟ್ 14! ಡೇನಾ 60 ಎರಡೂ ಬಗೆಯಲ್ಲಿ ಬಂದಿದೆ. ಫೋರ್ಡಿನ ಸ್ಟರ್ಲಿಂಗ್ 10.25 ಕೂಡ ಹಾಗೆಯೇ. ಹೆಸರು ನೋಡಬೇಡಿ, ಚಕ್ರದ ನಡುವೆ ನೋಡಿ. ಹಬ್ ಹೊರಗೆ ಚಾಚಿಕೊಂಡು, ಅದರ ಮುಖದಲ್ಲಿ ಸುತ್ತಲೂ ಬೋಲ್ಟ್‌ಗಳಿದ್ದರೆ ಅದು ಫುಲ್ ಫ್ಲೋಟಿಂಗ್.

ಈಗ ಪಿನಿಯನ್. ಲೋಡ್ ಬಿದ್ದಾಗ ಕ್ರೌನ್ ವೀಲೂ ಪಿನಿಯನ್ನೂ ಒಂದನ್ನೊಂದು ದೂರ ತಳ್ಳುತ್ತವೆ. ಪಿನಿಯನ್ ಸ್ವಲ್ಪ ವಾಲಿದರೂ ಹಲ್ಲುಗಳು ತುದಿಯಲ್ಲಿ ಮಾತ್ರ ಕಚ್ಚುತ್ತವೆ. ಹಲ್ಲು ಮುರಿಯುವುದು ಹೀಗೆ. ಡೇನಾ 60ರಲ್ಲಿ ಪಿನಿಯನ್ನಿಗೆ ಎರಡು ಬೇರಿಂಗ್, ಎರಡೂ ಹಲ್ಲಿನ ಹಿಂದೆ. 10.5 ಇಂಚಿನ 14 ಬೋಲ್ಟ್‌ನಲ್ಲಿ ಪಿನಿಯನ್ನಿನ ಮೂತಿಯ ಕಡೆಯೂ ಮೂರನೇ ಬೇರಿಂಗ್ ಇದೆ. ಕಂಬಿಯ ಒಂದೇ ತುದಿ ಹಿಡಿದು ಭಾರ ಎತ್ತುವುದಕ್ಕೂ ಎರಡೂ ತುದಿ ಹಿಡಿದು ಎತ್ತುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಡೇನಾ 60ರ ಕ್ರೌನ್ ವೀಲ್ 9.75 ಇಂಚು. ಮುಕ್ಕಾಲು ಇಂಚು ಕಡಿಮೆ ಇರುವುದಕ್ಕಿಂತ ಈ ಮೂರನೇ ಬೇರಿಂಗ್ ಇಲ್ಲದಿರುವುದೇ ದೊಡ್ಡ ಕೊರತೆ ಅನ್ನುವುದು ನನ್ನ ಅಭಿಪ್ರಾಯ.

ರೇಶಿಯೋ ಕೂಡ ಇಲ್ಲೇ ಬರುತ್ತದೆ. 3.73 ಅಂದರೆ ಸಾಮಾನ್ಯವಾಗಿ ಕ್ರೌನ್ ವೀಲಿನ 41 ಹಲ್ಲಿಗೆ ಪಿನಿಯನ್ನಿನ 11 ಹಲ್ಲು, 4.10 ಅಂದರೆ 41ಕ್ಕೆ 10. ರೇಶಿಯೋ ಏರಿಸಿದಷ್ಟೂ ಪಿನಿಯನ್ ಸಣ್ಣದಾಗುತ್ತದೆ. ಎಳೆತ ಸಿಗಲಿ ಅಂತ ತೀರಾ ಮೇಲಕ್ಕೆ ಹೋದರೆ ಹಲ್ಲಿನ ಬಲ ಬಿಟ್ಟುಕೊಡಬೇಕು. ನನ್ನ ಕೆಲಸಕ್ಕೆ 4.10 ಸಾಕಾಗಿದೆ.

ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳು) ಎಣಿಸುವವರಿಗೂ ಒಂದು ಮಾತು. ಹಲವು ಡೇನಾ 60 ಶಾಫ್ಟ್‌ಗಳಲ್ಲಿ 30 ಸ್ಪ್ಲೈನ್, 14 ಬೋಲ್ಟ್‌ನಲ್ಲೂ 30. ಹಾಗಂತ ಎರಡೂ ಸಮವಲ್ಲ. ಮೊದಲನೆಯದರ ವ್ಯಾಸ ಸುಮಾರು 1.3 ಇಂಚು, ಎರಡನೆಯದರದ್ದು ಸುಮಾರು 1.5. ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಉಕ್ಕು ಒಂದೇ ಆಗಿದ್ದರೆ ಎರಡನೆಯದು ಸುಮಾರು ಒಂದೂವರೆ ಪಟ್ಟು ಗಟ್ಟಿ. ಡೇನಾ 60ರಲ್ಲೇ 35 ಸ್ಪ್ಲೈನ್ ಶಾಫ್ಟ್ ಸಿಕ್ಕರೆ ಈ ಅಂತರ ಮುಚ್ಚಿಹೋಗುತ್ತದೆ. ಅಂಥದ್ದಿದ್ದರೆ ಸುಮ್ನೆ ಬದಲಿಸಲು ಹೋಗಬೇಡಿ.

ರಿಪೇರಿಯಲ್ಲೂ ನನಗೆ 14 ಬೋಲ್ಟೇ ಇಷ್ಟ. ಕ್ರೌನ್ ವೀಲನ್ನು ಪಕ್ಕಕ್ಕೆ ಸರಿಸಲು ಥ್ರೆಡ್ ಇರುವ ಅಡ್ಜಸ್ಟರ್ ಇದೆ, ತಿರುಗಿಸಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಸರಿ ಮಾಡಬಹುದು. ಡೇನಾದಲ್ಲಿ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಬೇಕು, ತೆಗೆಯಬೇಕು, ಅಳೆಯಬೇಕು, ಮತ್ತೆ ಹಾಕಬೇಕು. ತಾಳ್ಮೆ ಬೇಕು. ನನ್ನ ಹಳೇ ಟ್ರಕ್ಕಿಗೆ ಕ್ರೌನ್ ಪಿನಿಯನ್ ಬದಲಿಸಿದ ವರ್ಕ್‌ಶಾಪಿನವರಿಗೆ ಆ ತಾಳ್ಮೆ ಇರಲಿಲ್ಲ. ಗಾಡಿ ಹೊರಗೆ ಬಂದ ದಿನದಿಂದಲೇ ಆಕ್ಸಲ್ ಕೂಗಲು ಶುರು ಮಾಡಿತು. ಇನ್ನೊಬ್ಬ ಮೆಕ್ಯಾನಿಕ್ ಎಲ್ಲ ಬಿಚ್ಚಿ ಶಿಮ್ ಬದಲಿಸಿದ ಮೇಲೇ ಸುಮ್ಮನಾಗಿದ್ದು.

14 ಬೋಲ್ಟ್‌ನಲ್ಲಿ ಬೈಯುವುದಕ್ಕೂ ಇದೆ. ಹೊಟ್ಟೆ ಕೆಳಕ್ಕೆ ಜೋತುಬಿದ್ದಿದೆ, ಕಲ್ಲಿಗೆ ತಾಗುತ್ತದೆ. ತೂಕವೂ ಜಾಸ್ತಿ. ಹಳೆಯವುಗಳಲ್ಲಿ ಬ್ರೇಕ್ ಡ್ರಮ್ ಹಬ್ಬಿನ ಹಿಂಭಾಗಕ್ಕೆ ಜೋಡಿಸಿರುತ್ತದೆ. ಬರೀ ಬ್ರೇಕ್ ಶೂ ನೋಡಬೇಕೆಂದರೂ ಶಾಫ್ಟ್ ಎಳೆದು ಹಬ್ ಬಿಚ್ಚಬೇಕು. ಹಬ್ ಬಿಚ್ಚಿದ ಮೇಲೆ ಸೀಲ್ ಹೊಸದು ಹಾಕುವುದೇ ಲೇಸು. ವಾಪಸ್ ಜೋಡಿಸಿದ ಮೇಲೆ ಒಂದು ಪಕ್ಕ ಎತ್ತಿ, ಆಮೇಲೆ ಇನ್ನೊಂದು ಪಕ್ಕ ಎತ್ತಿ. ಆಯಿಲ್ ಎರಡೂ ಹಬ್‌ಗೆ ಹರಿಯಬೇಕು. ಆಮೇಲೆ ಲೆವೆಲ್ ನೋಡಿ ತುಂಬಿಸಿ. ಇದನ್ನು ಬಿಟ್ಟರೆ ಬೇರಿಂಗ್ ಒಣಗಿ ಓಡುತ್ತದೆ.

ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೊರಹೋಗುವ ಕಿಂಡಿ) ಬಗ್ಗೆ ಯಾರೂ ಮಾತಾಡುವುದಿಲ್ಲ. ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರಿಗೆ ಮಣ್ಣು ಕಟ್ಟಿದ್ದರೆ ಆ ಒತ್ತಡ ಆಯಿಲನ್ನು ಸೀಲ್ ದಾಟಿಸಿ ಬ್ರೇಕ್ ಮೇಲೆ ಸುರಿಯುತ್ತದೆ. ಆಗ ಬೈಗುಳ ಸೀಲಿಗೆ! ಎರಡನೇ ಬಾರಿ ಸೀಲ್ ಹಾಕಿಸುವ ಮೊದಲು ಬ್ರೀದರ್ ಬಿಚ್ಚಿ ಊದಿ ನೋಡಿ. ಕಮಾನು ಪಟ್ಟಿಯ ಯು-ಬೋಲ್ಟ್‌ಗಳನ್ನೂ ಆಗಾಗ ಬಿಗಿ ನೋಡಬೇಕು. ಸಡಿಲಾದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ.

ಡೀಸೆಲ್ ಎಂಜಿನ್, ಹಿಂದೆ ಜೋಡಿ ಚಕ್ರ, ಸದಾ ದೊಡ್ಡ ಟ್ರೇಲರ್ ಎಳೆಯುವ ಕೆಲಸ ಅಂದರೆ ನಾನು ಡೇನಾ 80 ಹುಡುಕುತ್ತೇನೆ. ಅದರ ಕ್ರೌನ್ ವೀಲ್ 11.25 ಇಂಚು. ನಡುವಿನ ಡೇನಾ 70ರದ್ದು 10.5. ಎಳೆಯುವ ಕೆಲಸದಲ್ಲಿ ಹೊತ್ತುಗಟ್ಟಲೆ ಒಂದೇ ಸಮನೆ ಟಾರ್ಕ್ ಬೀಳುತ್ತದೆ, ಬಿಸಿಯೂ ಜಾಸ್ತಿ. ಕ್ರೌನ್ ವೀಲ್ ಅಳತೆ ನಿಜಕ್ಕೂ ಲೆಕ್ಕಕ್ಕೆ ಬರುವುದು ಅಲ್ಲಿ.

ಯಾವ ಆಕ್ಸಲ್ ಹಾಕಿದರೂ ಬಾಗಿಲಿನ ಸ್ಟಿಕ್ಕರಿನಲ್ಲಿ ಬರೆದ ಹಿಂದಿನ ಆಕ್ಸಲ್ ಭಾರದ ಮಿತಿ ಮಾತ್ರ ಏರುವುದಿಲ್ಲ. ಟೈರ್, ರಿಮ್, ಕಮಾನು, ಬ್ರೇಕ್ ಎಲ್ಲ ಸೇರಿ ಆ ಮಿತಿ ಬಂದಿರುತ್ತದೆ. ನನ್ನ ಟ್ರಕ್ಕಿನಲ್ಲಿ ಆಕ್ಸಲ್ಲಿಗಿಂತ ಮೊದಲು ಸೋಲುವುದು ಟೈರ್. ಅದಕ್ಕೇ ಲೋಡ್ ತುಂಬುವ ಮುಂಚೆ ನಾನು ನೋಡುವುದು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಲೋಡ್ ಸಂಖ್ಯೆಯನ್ನು.