ಮಂಡಕ್ಕಿ ಭಟ್ಟಿಯೋ, ಸಿದ್ಧ ಉಡುಪಿನ ಕಾರ್ಖಾನೆಯೋ?

ದಾವಣಗೆರೆಯಲ್ಲಿ ಮೊದಲ ಕೆಲಸ ಹುಡುಕುತ್ತಿರುವ ತಂಗಿಯರಿಗೆ ಈ ಮಾತು.

ಮಂಡಕ್ಕಿ ಭಟ್ಟಿ ಮನೆಗೆ ಹತ್ತಿರ, ಕೂಲಿ ಬೇಗ ಕೈಸೇರುತ್ತದೆ. ಆದರೆ ಹೊಗೆ, ಕಾದ ಮರಳು. ಹತ್ತು ಜನರಿಲ್ಲದ ಕಡೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸಾಮಾನ್ಯವಾಗಿ ಸಿಗದು.

ರಫ್ತು ಉಡುಪಿನ ಕಾರ್ಖಾನೆಯಲ್ಲಿ ಇಎಸ್‌ಐ, ಪಿಎಫ್ (ಭವಿಷ್ಯ ನಿಧಿ), ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಕಾನೂನಿನ ಹಕ್ಕು. ವಿದೇಶಿ ಖರೀದಿದಾರರ ತಪಾಸಣೆಯೊಂದನ್ನೇ ನಂಬಬೇಡಿ; ತಪಾಸಕರು ಬಂದು ಹೋಗುತ್ತಾರೆ, ಗಂಟೆಗಿಷ್ಟು ಉಡುಪು ಎಂಬ ಒತ್ತಡ ಉಳಿಯುತ್ತದೆ. ಬಾಲಕಾರ್ಮಿಕತೆ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 138, 182ನೇ ಒಪ್ಪಂದಗಳನ್ನು ಭಾರತ 2017ರಲ್ಲಿ ಅನುಮೋದಿಸಿತು. ಸಂಘ ಕಟ್ಟುವ, ಒಟ್ಟಾಗಿ ಚೌಕಾಶಿ ಮಾಡುವ ಹಕ್ಕಿನ 87, 98ನೇ ಒಪ್ಪಂದಗಳನ್ನು ಅನುಮೋದಿಸಿಲ್ಲ. ಇದು ನನಗೆ ನೋವಿನ ಸಂಗತಿ. ಆದರೂ ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಸ್ವಾತಂತ್ರ್ಯ ಕೊಟ್ಟಿದೆ.

ನಾನಾದರೆ ಕಾರ್ಖಾನೆಯನ್ನೇ ಆರಿಸುತ್ತೇನೆ. ಕೈಯಲ್ಲಿ ವೇತನ ಚೀಟಿ ಇದ್ದರೆ ಕಾರ್ಮಿಕ ಇಲಾಖೆಯ ಮುಂದೆ ಧೈರ್ಯವಾಗಿ ನಿಲ್ಲಬಹುದು.